ಪುಟ ನೂರ ಹನ್ನೆರಡು

ಮೈಸೂರು
೪ ಆಗಸ್ಟ್ ೧೯೯೭

ಸದಾಶಿವಯ್ಯನವರಿಗೆ ಮಂಜುಳಮ್ಮನ ಶರಣು.

ಈ ಪತ್ರವನ್ನು ನಾನು ನಿಮಗೆ ಬರೆಯಬಾರದು. ವಿದ್ಯಾರ್ಥಿಯ ಪಿಎಚ್.ಡಿ. ಪ್ರಬಂಧ ಯಾವ ಪರೀಕ್ಷಕರ ಕೈ ಸೇರಿದೆ ಎಂದು ಅವನ ಗೈಡಿಗೆ ತಿಳಿಯಕೂಡದು ಎಂದು ನಮ್ಮ ವಿಶ್ವವಿದ್ಯಾಲಯದ ನಿಯಮ. ನನಗೆ ತಿಳಿದಿಲ್ಲ. ಹಾಗಾಗಿ ಎಂ.ಇ. ಓದುವಾಗ ನನಗಿಂತ ಎರಡು ವರ್ಷ ಮುಂದಿದ್ದು, ಈಗ ಜಬಲ್ಪುರದಲ್ಲಿ ಪ್ರೊಫೆಸರಾಗಿರುವ ಹಳೆಯ ಪರಿಚಯದವರ ಕ್ಷೇಮ ವಿಚಾರಿಸಲು ಬರೆಯುತ್ತಿದ್ದೇನೆ. ಚೆನ್ನಾಗಿದ್ದೀರಾ? ಮಂಡಿ ನೋವು ಹೇಗಿದೆ? ಸರಿ, ವಿಚಾರಿಸಿದ್ದಾಯಿತು.

ನನ್ನ ವಿದ್ಯಾರ್ಥಿ ಯೋಗೇಂದ್ರ ಮಾರ್ಚ್ ಮೊದಲ ವಾರದಲ್ಲಿ ಪ್ರಬಂಧ ಒಪ್ಪಿಸಿದ. ಇಬ್ಬರು ಪರೀಕ್ಷಕರು. ಒಬ್ಬರ ವರದಿ ಎರಡೇ ತಿಂಗಳಲ್ಲಿ ಬಂತು, ಒಳ್ಳೆಯ ಮಾತುಗಳೊಂದಿಗೆ. ಇನ್ನೊಬ್ಬರು ಐದು ತಿಂಗಳಿಂದ ಉಸಿರೇ ಬಿಟ್ಟಿಲ್ಲ. ಯೋಗೇಂದ್ರ ನಮ್ಮಲ್ಲೇ ತಾತ್ಕಾಲಿಕ ಲೆಕ್ಚರರ್, ವಯಸ್ಸು ಮೂವತ್ತಾರು. ಬರುವ ವರ್ಷ ಜೂನ್ ಮೂವತ್ತರೊಳಗೆ ಪಿಎಚ್.ಡಿ. ಕೈಗೆ ಬಂದಿದ್ದರೆ ಕೆಲಸ ಕಾಯಂ, ಬಾರದಿದ್ದರೆ ಮನೆಗೆ. ದಿನಾ ಬೆಳಗ್ಗೆ ಒಂಬತ್ತಕ್ಕೆ ಕೆಸರೆಯಿಂದ ಮೊಪೆಡ್ಡಿನಲ್ಲಿ ಬಂದು ನನ್ನ ಬಾಗಿಲಲ್ಲಿ ನಿಲ್ಲುತ್ತಾನೆ. ಏನೂ ಕೇಳುವುದಿಲ್ಲ. ಕೇಳಿದ್ದರೆ ಬೈದು ಕಳಿಸಬಹುದಿತ್ತು.

ನಿಮ್ಮ ಕಡೆ ಅಂಥ ಪರೀಕ್ಷಕರು ಯಾರಾದರೂ ಕಂಡರೆ ಸ್ವಲ್ಪ ಎಬ್ಬಿಸಿ.

ಮಂಜುಳಮ್ಮ


ಜಬಲ್ಪುರ
೨೯ ಆಗಸ್ಟ್ ೧೯೯೭

ಮಂಜುಳಮ್ಮನವರೇ, ಶರಣು.

ಹದಿನಾಲ್ಕು ವರ್ಷದ ಮೇಲೆ ನನ್ನ ಮಂಡಿ ನಿಮಗೆ ನೆನಪಾಯಿತಲ್ಲ, ಅದೇ ದೊಡ್ಡದು. ಅದು ಹಾಗೇ ಇದೆ. ಮಳೆಗಾಲದಲ್ಲಿ ಮೆಟ್ಟಿಲು ಹತ್ತಲು ಒಪ್ಪುವುದಿಲ್ಲ.

ನನ್ನ ಹತ್ತಿರ ಯಾವ ಪ್ರಬಂಧವೂ ಇಲ್ಲ. ನನ್ನ ಸ್ನೇಹಿತರೊಬ್ಬರ ಮೇಜಿನ ಮೇಲೆ ಒಂದು ಇರುವುದನ್ನು ಕಂಡಿದ್ದೇನೆ. ಕಪ್ಪು ರಟ್ಟು, ಚಿನ್ನದ ಅಕ್ಷರ, ಇನ್ನೂರು ಚಿಲ್ಲರೆ ಪುಟ. ಅವರು ನಿಧಾನಸ್ಥರು. ಮೂರನೆಯ ಅಧ್ಯಾಯದಲ್ಲಿ ಸಿಕ್ಕಿಹಾಕಿಕೊಂಡಿದ್ದರಂತೆ, ಈಗ ಮುಂದಕ್ಕೆ ಹೋಗಿದ್ದಾರಂತೆ. ಕನ್ನಡಕ ಬೇರೆ ಬದಲಾಯಿಸಬೇಕಂತೆ.

ಇಲ್ಲಿ ಸೀಬೆ ಚೆನ್ನಾಗಿ ಬಂದಿದೆ. ನಿಮ್ಮ ಹುಡುಗನಿಗೆ ತಾಳ್ಮೆ ಇರಲಿ ಎಂದು ಹೇಳಿ.

ಸದಾಶಿವಯ್ಯ


ಮೈಸೂರು
೧೫ ಅಕ್ಟೋಬರ್ ೧೯೯೭

ಸದಾಶಿವಯ್ಯನವರಿಗೆ.

ದಸರಾ ಮುಗಿಯಿತು, ನಿಮ್ಮ ಸ್ನೇಹಿತರ ಓದು ಮುಗಿಯಲಿಲ್ಲ. ಸೀಬೆ ತಿಂದು ಮುಗಿಯಿತೇ?

ನಾಟಕ ಸಾಕು. ನಮ್ಮ ಅಟೆಂಡರ್ ದೇವಯ್ಯನ ಭಾವಮೈದ ಪರೀಕ್ಷಾ ವಿಭಾಗದಲ್ಲಿ ಪಾರ್ಸೆಲ್ ಕಟ್ಟುವವನು. ನಾನು ಕೇಳಿರಲಿಲ್ಲ, ದೇವಯ್ಯನೇ ಮಾರ್ಚಿನಲ್ಲೇ ಚಹಾ ಇಡುತ್ತಾ ಅಂದಿದ್ದ: "ನಮ್ ಯೋಗೇಂದ್ರಪ್ಪೋರ ಬುಕ್ಕು ಜಬಲ್ಪುರಕ್ಕೆ ಓಯ್ತು ಕಣಮ್ಮ. ನಮ್ ಭಾವಮೈದನೇ ಅರಗು ಆಕಿದ್ದು. ಅಲ್ಯಾರೋ ನಮ್ಮೋರೇ ಅವ್ರಂತಲ್ಲ, ಬ್ಯಾಗ ಆಯ್ತದೆ ಬುಡಿ." ಗುಟ್ಟು ಎಂದರೆ ನಮ್ಮ ವಿಶ್ವವಿದ್ಯಾಲಯದ ಗುಟ್ಟು.

ನಿಮ್ಮ ಸ್ನೇಹಿತರು ಮೂರನೆಯ ಅಧ್ಯಾಯದಲ್ಲಿ ಯಾಕೆ ಸಿಕ್ಕಿಹಾಕಿಕೊಂಡರು ಎಂದು ನನಗೆ ಗೊತ್ತು. ಅದರಲ್ಲಿರುವುದು ಅವರ ೧೯೮೧ರ ಲೇಖನದ ತಪ್ಪು. ಮರೆತಿದ್ದರೆ ನೆನಪಿಸುತ್ತೇನೆ. ಪಕ್ಕಪಕ್ಕದಲ್ಲಿ ಎರಡು ಗಾಳಿಯ ಹರಿವು, ಒಂದು ವೇಗದ್ದು, ಒಂದು ನಿಧಾನದ್ದು. ನಡುವೆ ಸುಳಿಗಳೆದ್ದು ಎರಡೂ ಬೆರೆಯುವ ಪದರ ಹುಟ್ಟುತ್ತದೆ. ಆ ಪದರ ಎರಡೂ ಕಡೆಯಿಂದ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತಾ ದಪ್ಪವಾಗುತ್ತದೆ. ಹೀಗೆ ಎಳೆದುಕೊಳ್ಳುವುದನ್ನು ನಾವು ಒಳಸೆಳೆತ ಅನ್ನುತ್ತೇವೆ. ನಿಮ್ಮ ಸ್ನೇಹಿತರು ಆ ಪದರದಲ್ಲಿ ಉರಿ ಹಚ್ಚಿ ದಪ್ಪ ಅಳೆದರು. ಉರಿ ಇದ್ದರೂ ಇಲ್ಲದಿದ್ದರೂ ದಪ್ಪ ಅಷ್ಟೇ ಬಂತು. ಸರಿ, ಶಾಖದಿಂದ ಒಳಸೆಳೆತಕ್ಕೆ ಬಾಧಕವಿಲ್ಲ ಎಂದು ಬರೆದುಬಿಟ್ಟರು. ಪೂರಿ ಉಬ್ಬಿದ ಮಾತ್ರಕ್ಕೆ ಹಿಟ್ಟು ಜಾಸ್ತಿಯಾಯಿತೇ? ಬಿಸಿಯಾದ ಗಾಳಿ ಹಿಗ್ಗಿ ಜಾಗ ತುಂಬಿತ್ತು ಅಷ್ಟೇ. ಒಳಗೆ ಬಂದ ಗಾಳಿಯನ್ನು ತೂಕದಲ್ಲಿ ಲೆಕ್ಕ ಹಾಕಿದರೆ ನೂರು ಬರುವ ಕಡೆ ಅರವತ್ತು ಬರುತ್ತಿದೆ. ಉರಿ ತನಗೆ ಬೇಕಾದ ಗಾಳಿಯನ್ನು ತಾನೇ ಹೊರಗೆ ತಳ್ಳುತ್ತದೆ. ಯೋಗೇಂದ್ರ ಇದನ್ನು ನಾಲ್ಕು ವರ್ಷ ನಮ್ಮ ಲ್ಯಾಬಿನ ಹಳೆಯ ಯಂತ್ರದ ಮುಂದೆ ನಿಂತು ತೋರಿಸಿದ್ದಾನೆ.

ಹದಿನಾರು ವರ್ಷದ ಹಳೆಯ ಒಂದು ವಾಕ್ಯಕ್ಕೋಸ್ಕರ ಒಬ್ಬನ ಹೊಟ್ಟೆಯ ಮೇಲೆ ಹೊಡೆಯುವುದು ನಿಮ್ಮ ಸ್ನೇಹಿತರಿಗೆ ಶೋಭೆಯಲ್ಲ.

ಮಂಜುಳಮ್ಮ


ಜಬಲ್ಪುರ
೨ ಡಿಸೆಂಬರ್ ೧೯೯೭

ಮಂಜುಳಮ್ಮನವರೇ,

ನಿಮ್ಮ ಪೂರಿಯ ಮಾತು ಕೇಳಿ ನನ್ನ ಸ್ನೇಹಿತರು ಎರಡು ದಿನ ಪೂರಿ ತಿನ್ನಲಿಲ್ಲ. ಮೂರನೆಯ ಅಧ್ಯಾಯ ಸರಿಯಾಗಿದೆ ಎಂದು ಅವರು ಒಪ್ಪಿದ್ದಾರೆ. ಅದನ್ನು ನಿಮಗೆ ಹೇಳಬಹುದು ಎಂದೂ ಅಂದಿದ್ದಾರೆ. ಈಗ ಐದನೆಯ ಅಧ್ಯಾಯದಲ್ಲಿದ್ದಾರೆ.

ಇಲ್ಲಿ ಚಳಿ ಬಿದ್ದಿದೆ. ಬೆಳಗ್ಗೆ ವಾಕಿಂಗ್ ಹೋದಾಗ ರೈಲಿನ ಸಿಳ್ಳು ಕೇಳುತ್ತಾ ಒಂದು ಯೋಚನೆ ಬಂತು. ಚಳಿಯಲ್ಲಿ ಶಬ್ದ ನಿಧಾನ, ಬಿಸಿಯಲ್ಲಿ ಬೇಗ. ನಿಮ್ಮ ಅಡುಗೆಮನೆಯಲ್ಲಿ ಒಲೆ ಉರಿಯುವಾಗ ಒಲೆಯ ಮೇಲಿನ ಗಾಳಿಯಲ್ಲಿ ಶಬ್ದ ಎಷ್ಟು ಬೇಗ ಹೋದೀತು? ಇದನ್ನು ನೀವು ಮೊದಲ ವರ್ಷದವರಿಗೆ ಈಗಲೂ ಪಾಠ ಮಾಡುತ್ತೀರೋ? ಬಿಡುವಾದಾಗ ಸ್ವಲ್ಪ ಯೋಚಿಸಿ. ನನಗೆ ವಯಸ್ಸಾಯಿತು, ಇಂಥವೇ ತಲೆಗೆ ಬರುತ್ತವೆ.

ಯೋಗೇಂದ್ರ ಹೇಗಿದ್ದಾನೆ? ಐದನೆಯ ಅಧ್ಯಾಯದ ಲೆಕ್ಕ ಪೂರ್ತಿ ಅವನದೇನಾ?

ಸದಾಶಿವಯ್ಯ


ಮೈಸೂರು
೯ ಜನವರಿ ೧೯೯೮

ಸದಾಶಿವಯ್ಯನವರಿಗೆ.

ನಾನು ಪ್ರಬಂಧದ ಮಾತೆತ್ತಿದರೆ ನೀವು ರೈಲಿನ ಸಿಳ್ಳಿನ ಮಾತೆತ್ತುತ್ತೀರಿ. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ. ನನ್ನ ಅಡುಗೆಮನೆಯಲ್ಲಿ ಶಬ್ದ ಎಷ್ಟು ಬೇಗ ಹೋಗುತ್ತದೆ ಎಂದರೆ, ಮೊನ್ನೆ ನಿಮ್ಮ ಪತ್ರ ಓದಿ ನಾನು ಕೂಗಿದ್ದು ಪಕ್ಕದ ಮನೆಯವರಿಗೆ ಕೇಳಿಸಿ ಅವರು ಓಡಿ ಬಂದರು.

"ಲೆಕ್ಕ ಪೂರ್ತಿ ಅವನದೇನಾ" ಎಂದು ಕೇಳಿದ್ದೀರಿ. ಇದು ಕದ್ದ ಮಾಲು ಅಂತಲೋ? ಐದನೆಯ ಅಧ್ಯಾಯದ ದಾರಿ ನಾನು ಹಾಕಿಕೊಟ್ಟಿದ್ದು, ನಡೆದವನು ಅವನು. ಗೈಡ್ ಇರುವುದೇ ಅದಕ್ಕೆ. ಅದರಲ್ಲಿ ಹೊಸ ವಿಷಯವಿದೆ, ನಿಮ್ಮ ಸ್ನೇಹಿತರಿಗೆ ಅದು ಕಾಣಬೇಕಷ್ಟೇ. ಹರಿವಿನ ವೇಗ ಶಬ್ದದ ವೇಗದ ಹತ್ತಿರ ಬಂದಾಗ ಗಾಳಿ ಒತ್ತಿದರೆ ಕುಗ್ಗುವ ವಸ್ತುವಾಗುತ್ತದೆ. ಒಂದು ಸುಳಿಯ ಸುದ್ದಿ ಪಕ್ಕದ ಸುಳಿಗೆ ಹೊತ್ತಿಗೆ ಸರಿಯಾಗಿ ಮುಟ್ಟುವುದಿಲ್ಲ, ಸುಳಿಗಳು ಸೋಮಾರಿಯಾಗುತ್ತವೆ, ಒಳಸೆಳೆತ ನೂರರಿಂದ ಎಪ್ಪತ್ತಕ್ಕೆ ಇಳಿಯುತ್ತದೆ. ಅದರ ಮೇಲೆ ಉರಿಯೂ ಸೇರಿದರೆ? ಎಪ್ಪತ್ತರಲ್ಲಿ ಮತ್ತೆ ನೂರಕ್ಕೆ ಅರವತ್ತು, ಅಂದರೆ ನಲವತ್ತೆರಡು. ಎರಡು ಪೆಟ್ಟು, ಒಂದರ ಮೇಲೊಂದು. ಶಬ್ದಕ್ಕಿಂತ ವೇಗದ ಎಂಜಿನ್ನಿಗೆ ಇಂಧನ ಬೆರೆಸುವವರಿಗೆ ಬೇಕಾದ ಸಂಖ್ಯೆ ಇದು.

ಯೋಗೇಂದ್ರನಿಗೆ ಮನೆಯಲ್ಲಿ ಮಗಳ ಸ್ಕೂಲು, ಅಪ್ಪ ಚಾಮಯ್ಯನವರ ಔಷಧಿ, ಎಲ್ಲ ಈ ಕೆಲಸದ ಮೇಲೆ ನಿಂತಿದೆ. ಮೊನ್ನೆ ಚಾಮಯ್ಯನವರೇ ಬಂದಿದ್ದರು. "ನಮ್ ಉಡ್ಗ ಏನ್ ತಪ್ಪು ಮಾಡವ್ನೆ ಏಳಿ ತಾಯಿ, ನಾನೇ ಕ್ಷಮೆ ಕೇಳ್ತೀನಿ" ಎಂದರು. ನನಗೆ ತಲೆ ಎತ್ತಲಾಗಲಿಲ್ಲ.

ಫೆಬ್ರವರಿ ಒಂದರೊಳಗೆ ವರದಿ ಬಾರದಿದ್ದರೆ, ಪರೀಕ್ಷಕರನ್ನು ಬದಲಾಯಿಸಿ ಎಂದು ರಿಜಿಸ್ಟ್ರಾರರಿಗೆ ಬರೆಯುತ್ತೇನೆ. ಕಾರಣವನ್ನೂ ಬರೆಯುತ್ತೇನೆ, ೧೯೮೧ರಿಂದ ಶುರುಮಾಡಿ.

ಮಂಜುಳಮ್ಮ


(ಕಾರ್ಡು)
ಜಬಲ್ಪುರ
೨೧ ಜನವರಿ ೧೯೯೮

ಮಂಜುಳಮ್ಮನವರೇ, ರಿಜಿಸ್ಟ್ರಾರರಿಗೆ ಬರೆಯುವ ಮೊದಲು ಪುಟ ನೂರ ಹನ್ನೆರಡು ತೆಗೆಯಿರಿ. ಉರಿ ಇರುವ ಪದರಕ್ಕೆ ಶಬ್ದದ ವೇಗ ಯಾವ ಉಷ್ಣತೆಯಲ್ಲಿ ಹಾಕಿದ್ದೀರಿ, ನೋಡಿ. ಇದಕ್ಕಿಂತ ಹೆಚ್ಚು ಹೇಳಿದರೆ ನನ್ನ ತಲೆ ಹೋಗುತ್ತದೆ. ಓದಿ ಹರಿದುಹಾಕಿ. ಸ.


ಮೈಸೂರು
೧೬ ಫೆಬ್ರವರಿ ೧೯೯೮

ಸದಾಶಿವಯ್ಯನವರಿಗೆ ಶರಣು.

ನಿಮ್ಮ ಕಾರ್ಡನ್ನು ನಮ್ಮ ಪೋಸ್ಟ್‌ಮನ್ ನಂಜಯ್ಯ ಓದಿಕೊಂಡೇ ಬಂದ. "ಮೇಡಂ, ಅದೇನೋ ಪುಟ ನೋಡ್ಬೇಕಂತೆ, ಅರ್ಜೆಂಟಂತೆ" ಎಂದು ಗೇಟಿನಿಂದಲೇ ಕೂಗಿದ. ಗುಟ್ಟಿನ ವಿಷಯವನ್ನು ಕಾರ್ಡಿನಲ್ಲಿ ಬರೆಯುವ ಪ್ರೊಫೆಸರನ್ನು ನಾನು ಇದೇ ಮೊದಲು ಕಂಡಿದ್ದು. ಅದಕ್ಕಾಗಿ ಬೈಯಬೇಕೆಂದು ಕೂತವಳು ಬೈಯಲಾರದೆ ಮೂರು ವಾರ ಸುಮ್ಮನಿದ್ದೆ.

ಪುಟ ನೂರ ಹನ್ನೆರಡು ತೆಗೆದೆ. ಉರಿಯುವ ಪದರಕ್ಕೆ ತಣ್ಣನೆಯ ಗಾಳಿಯ ಶಬ್ದದ ವೇಗ ಹಾಕಿದ್ದೇವೆ. ಉರಿಯೊಳಗೆ ಶಬ್ದ ಎಷ್ಟೋ ಬೇಗ ಓಡುತ್ತದೆ, ಸುದ್ದಿ ಹೊತ್ತಿಗೆ ಸರಿಯಾಗಿ ಮುಟ್ಟುತ್ತದೆ, ಸುಳಿಗಳಿಗೆ ಸೋಮಾರಿಯಾಗಲು ಕಾರಣವೇ ಉಳಿಯುವುದಿಲ್ಲ. ಉರಿ ತನ್ನ ಪೆಟ್ಟು ಹೊಡೆದಾದ ಮೇಲೆ ವೇಗದ ಪೆಟ್ಟಿಗೆ ಹೆಚ್ಚು ಬಲವಿಲ್ಲ. ನಲವತ್ತೆರಡಲ್ಲ. ಮತ್ತೆ ಲೆಕ್ಕ ಹಾಕಿದೆ, ಐವತ್ತೈದರ ಹತ್ತಿರ ಬರುತ್ತದೆ. ಮೊದಲ ವರ್ಷದ ಪಾಠ. ನೀವು ಡಿಸೆಂಬರಿನಲ್ಲಿ ಅದನ್ನೇ ಕೇಳಿದ್ದಿರಿ, ನಾನು ನಿಮ್ಮನ್ನು ಎಡವಟ್ಟ ಅಂದೆ.

ಇಷ್ಟಾದ ಮೇಲೂ ನನ್ನ ಮೊದಲ ಸಿಟ್ಟು ಯೋಗೇಂದ್ರನ ಮೇಲೆ. ಇಷ್ಟು ಗೊತ್ತಾಗಲಿಲ್ಲವೇ ಇವನಿಗೆ ಎಂದು ಬೀರು ತೆಗೆದು ಅವನ ಹಳೆಯ ಕಾಗದಗಳನ್ನೆಲ್ಲ ಕೆದಕಿದೆ. ೧೯೯೫ರ ಕರಡು ಸಿಕ್ಕಿತು. ಅದರಲ್ಲಿ ಅವನು ಸರಿಯಾಗಿ ಬರೆದಿದ್ದಾನೆ ಸದಾಶಿವಯ್ಯನವರೇ. ಉರಿಯ ಉಷ್ಣತೆ, ಅದಕ್ಕೆ ತಕ್ಕ ಶಬ್ದದ ವೇಗ, ಕೊನೆಯಲ್ಲಿ ಐವತ್ತನಾಲ್ಕೂವರೆ. ಅದರ ಮೇಲೆ ಅಡ್ಡಡ್ಡ ಕೆಂಪು ಗೀಟು. ಪಕ್ಕದಲ್ಲಿ ನನ್ನ ಕೈಬರಹ: "ಸುಮ್ಮನೆ ಗೋಜಲು ಮಾಡಬೇಡ. ನನ್ನ ನೋಟ್ಸಿನಲ್ಲಿರುವಂತೆ ಹಾಕು." ಅವನು ಹಾಕಿದ್ದಾನೆ. ನನ್ನ ನೋಟ್ಸಿನ ಅದೇ ಸಾಲು ನನ್ನ ೧೯೯೨ರ ಲೇಖನದಲ್ಲೂ ಇದೆ. ನನಗೆ ಪ್ರೊಫೆಸರ್ ಹುದ್ದೆ ಬಂದದ್ದು ಆ ಲೇಖನದಿಂದ.

ನಿಮ್ಮ ಲೇಖನದ ತಪ್ಪನ್ನು ಎಷ್ಟು ರುಚಿಯಾಗಿ ಬರೆದಿದ್ದೆ! ನನಗೆ ನಾಚಿಕೆಯಾಗಿದೆ. ಇದನ್ನು ಸುತ್ತಿಬಳಸಿ ಹೇಳಲು ನನಗೆ ಬರುವುದಿಲ್ಲ.

ರಿಜಿಸ್ಟ್ರಾರರಿಗೆ ಬರೆದಿದ್ದೇನೆ, ನಿಮ್ಮ ಮೇಲೆ ಅಲ್ಲ. ಐದು ಪುಟಗಳಿಗೆ ತಿದ್ದುಪಡಿ ಹಾಳೆ ಕೊಡಲು ಅನುಮತಿ ಕೇಳಿದ್ದೇನೆ. ವಿದ್ಯಾರ್ಥಿ ಮೊದಲು ಸರಿಯಾಗಿಯೇ ಬರೆದಿದ್ದ, ಗೈಡಿನ ಸೂಚನೆಯಿಂದ ತಪ್ಪಾಗಿದೆ ಎಂದು ರುಜು ಹಾಕಿ, ಆ ಕರಡಿನ ಪ್ರತಿಯನ್ನೂ ಲಗತ್ತಿಸಿದ್ದೇನೆ. ೧೯೯೨ರ ಲೇಖನ ಅಚ್ಚಾದ ಪತ್ರಿಕೆಗೂ ಬರೆದೆ. ಯೋಗೇಂದ್ರನಿಗೆ ತಿದ್ದುಪಡಿ ಬರೆದುಕೊಡು ಎಂದಷ್ಟೇ ಹೇಳಿದೆ. ಅವನು "ಆಯ್ತು ಮೇಡಂ" ಅಂದ. ಮಾರನೆಯ ದಿನ ಬೆಳಗ್ಗೆಯೇ ಟೈಪಾಗಿ ಬಂತು, ಯಾವತ್ತೋ ಸಿದ್ಧವಾಗಿದ್ದ ಹಾಗೆ.

ಇನ್ನು ನಿಮ್ಮ ಕೈಯಲ್ಲಿದೆ.

ಮಂಜುಳಮ್ಮ


ಜಬಲ್ಪುರ
೨೭ ಮಾರ್ಚ್ ೧೯೯೮

ಮಂಜುಳಮ್ಮನವರೇ, ಶರಣು.

ತಿದ್ದುಪಡಿ ಹಾಳೆ ರಿಜಿಸ್ಟ್ರಾರರ ಮೂಲಕ ಬಂತು. ವರದಿ ನಿನ್ನೆ ಕಳಿಸಿದೆ. ಅಂಗೀಕಾರ. ಇನ್ನು ಸ್ನೇಹಿತರ ಹೆಸರು ಹೇಳಿಕೊಂಡು ಓಡಾಡುವ ಅಗತ್ಯವಿಲ್ಲ.

ನೀವು ಒಬ್ಬರೇ ನಾಚಿಕೊಂಡು ಪುಣ್ಯ ಕಟ್ಟಿಕೊಳ್ಳಬೇಡಿ, ನನಗೂ ಪಾಲು ಕೊಡಿ. ಮಾರ್ಚಿನಿಂದ ಆಗಸ್ಟಿನವರೆಗೆ ಐದು ತಿಂಗಳು ನೀವು ನನ್ನ ಬಗ್ಗೆ ಅಂದುಕೊಂಡದ್ದು ನಿಜ. ಮೂರನೆಯ ಅಧ್ಯಾಯ ಓದಿ ಪುಸ್ತಕ ಮುಚ್ಚಿಟ್ಟೆ. ಹದಿನಾರು ವರ್ಷ ಆ ಲೇಖನವನ್ನು ಹೇಳಿಕೊಂಡೇ ಬದುಕಿದವನು ನಾನು. ನಿಮ್ಮ ಮೊದಲ ಪತ್ರ ಬಂದಾಗ ಮುಂದಕ್ಕೆ ಓದಿದೆ. ಪುಟ ನೂರ ಹನ್ನೆರಡಕ್ಕೆ ಬಂದೆ. ಸುಳ್ಳು ಯಾಕೆ, ನನಗೆ ಖುಷಿಯಾಯಿತು. ಎದ್ದು ಹೋಗಿ ಹೆಂಡತಿಗೆ ಕಾಫಿ ಮಾಡಿಕೊಟ್ಟೆ. ಅವಳು ಹೆದರಿಬಿಟ್ಟಳು.

ಆಮೇಲೆ ವರದಿಯ ನಮೂನೆ ತೆಗೆದು ನೋಡಿದೆ. ತಪ್ಪು ಬರೆದರೆ "ತಿದ್ದಿ ಮತ್ತೆ ಒಪ್ಪಿಸಲಿ" ಎಂಬ ಚೌಕಕ್ಕೇ ಗುರುತು ಹಾಕಬೇಕು. ಹಾಗೆ ಹಾಕಿದರೆ ನಿಮ್ಮ ನಿಯಮದಂತೆ ಕನಿಷ್ಠ ಒಂದು ವರ್ಷ. ಹುಡುಗನ ಕೆಲಸ ಹೋಗುತ್ತಿತ್ತು. ತಪ್ಪು ಬರೆಯದೆ ರುಜು ಹಾಕಲು ನನ್ನಿಂದ ಆಗಲಿಲ್ಲ. ನೀವೇ ಕಂಡುಕೊಂಡು ತಿದ್ದಿ ಕಳಿಸಿದರೆ ಎಲ್ಲ ಸಲೀಸು ಎಂದು ಕಾದೆ, ಸಿಳ್ಳಿನ ಕಥೆ ಹೇಳಿದೆ. ನೇರವಾಗಿ ಹೇಳಬಹುದಿತ್ತು. ನಿಯಮ ಅಡ್ಡ ಬಂತು ಅನ್ನುತ್ತೇನೆ, ಆದರೆ ಕಾರ್ಡು ಬರೆಯುವಾಗ ಆ ನಿಯಮ ಎಲ್ಲಿ ಹೋಗಿತ್ತು? ನೀವು ಇನ್ನೂ ಸ್ವಲ್ಪ ಒದ್ದಾಡಲಿ ಎಂದು ಒಳಗೊಳಗೆ ಇತ್ತು. ಅದರ ಮಧ್ಯೆ ಒದ್ದಾಡಿದವನು ಯೋಗೇಂದ್ರ.

ಮೌಖಿಕ ಪರೀಕ್ಷೆಗೆ ನಾನೇ ಬರುತ್ತೇನೆ, ಮೇ ಇಪ್ಪತ್ತೊಂದು ಎಂದು ತಿಳಿಸಿದ್ದಾರೆ. ಆ ತಪ್ಪು ಹೇಗಾಯಿತು ಎಂದು ಎಲ್ಲರೆದುರು ಅವನನ್ನು ಕೇಳುತ್ತೇನೆ. ಕೇಳದೆ ಬಿಡುವ ಹಾಗಿಲ್ಲ, ತಿದ್ದುಪಡಿ ಹಾಳೆ ಕಡತದಲ್ಲಿದೆ.

ಸದಾಶಿವಯ್ಯ


ಮೈಸೂರು
೨೫ ಮೇ ೧೯೯೮

ಸದಾಶಿವಯ್ಯನವರಿಗೆ ಶರಣು.

ಸುಖವಾಗಿ ತಲುಪಿದ್ದೀರೆಂದು ನಂಬಿದ್ದೇನೆ. ರಿಜಿಸ್ಟ್ರಾರ್ ಕಚೇರಿಯಲ್ಲಿ ವಿಚಾರಿಸಿದೆ, ಜೂನ್ ಹತ್ತರೊಳಗೆ ಯೋಗೇಂದ್ರನ ಹೆಸರಿಗೆ ಆದೇಶ ಬರುತ್ತದಂತೆ. ಕೆಲಸ ಉಳಿಯಿತು. ಚಾಮಯ್ಯನವರು ಮನೆಗೆ ಬಂದು ಹಲಸಿನ ಹಣ್ಣು ಇಟ್ಟು ಹೋದರು.

ಮೌಖಿಕ ಪರೀಕ್ಷೆಯಲ್ಲಿ ನೀವು ಕೇಳಿದಿರಿ: "ಈ ತಪ್ಪು ಯಾರದು?" ಅವನು ಒಂದು ಕ್ಷಣವೂ ತಡೆಯದೆ "ನಂದೇ ಸರ್, ಗಮನ ಕೊಡ್ಲಿಲ್ಲ" ಅಂದ. ಕಡತದಲ್ಲಿ ನನ್ನ ರುಜು ಇರುವುದು ಗೊತ್ತಿದ್ದೂ ಅಂದ. ನಾನು ಎದ್ದು ನಿಂತು "ಅಲ್ಲ, ನನ್ನದು" ಅಂದದ್ದನ್ನು ನೀವು ನೋಡಿದಿರಿ. ಆಮೇಲೆ ನಿಮ್ಮನ್ನು ರೈಲು ಹತ್ತಿಸಿ ಬಂದ ಮೇಲೆ ನಡೆದದ್ದು ನಿಮಗೆ ಗೊತ್ತಿಲ್ಲ. ಅದನ್ನು ಬರೆಯುವವರೆಗೆ ನನಗೆ ಸಮಾಧಾನವಿಲ್ಲ.

ಕಾಲೇಜಿನ ಸೈಕಲ್ ಸ್ಟ್ಯಾಂಡಿನ ಹತ್ತಿರ ಅವನು ಮೊಪೆಡ್ ತೆಗೆಯುತ್ತಿದ್ದ. ನಾನು ಹೋಗಿ ಹಿಡಿದುಕೊಂಡೆ. "ಬಾಯಿ ಇರ್ಲಿಲ್ವೇನೋ ನಿಂಗೆ? ಮೂರು ವರ್ಷದಿಂದ ನೀನು ಸರಿ, ನಾನು ತಪ್ಪು ಅಂತ ಗೊತ್ತಿತ್ತಲ್ಲ, ಯಾಕೋ ಒಂದು ಮಾತು ಹೇಳ್ಲಿಲ್ಲ?" ಎಂದು ಬೈದೆ. ಜನ ತಿರುಗಿ ನೋಡಿದರು.

ಅವನು ಮೊಪೆಡ್ಡಿಗೆ ಸ್ಟ್ಯಾಂಡ್ ಹಾಕಿದ. "ಹೇಳಿದ್ದೆ ಮೇಡಂ," ಅಂದ. "ಮೂರು ಸಲ."

ಮೊದಲ ಸಲ ಯಂತ್ರದ ಮುಂದೆ. "ಮೊದ್ಲು ಗ್ರಾಫ್ ಮುಗ್ಸು" ಅಂದೆನಂತೆ. ಎರಡನೆಯ ಸಲ, ಯಂತ್ರಕ್ಕೆ ಗಾಳಿ ಬಿಡುವ ನಾಜಲ್ ಮಾಡಿಸಲು ಇಲವಾಲದ ಹತ್ತಿರದ ಲೇತ್ ಅಂಗಡಿಗೆ ಇಬ್ಬರೂ ಬಸ್ಸಿನಲ್ಲಿ ಹೋಗುವಾಗ. "ಬಸ್ಸಲ್ಲಿ ತಲೆ ತಿನ್ಬೇಡ ಕಣೋ" ಅಂದೆನಂತೆ. ಮೂರನೆಯ ಸಲ ಬಾಯಲ್ಲಿ ಹೇಳಲು ಧೈರ್ಯ ಸಾಲದೆ ಚೀಟಿ ಬರೆದು ನನ್ನ ಫೈಲಿನಲ್ಲಿ ಇಟ್ಟನಂತೆ. ಆ ಚೀಟಿ ಅವನ ಪರ್ಸಿನಲ್ಲೇ ಇತ್ತು, ತೆಗೆದು ಕೊಟ್ಟ. "ಮೇಡಂ, ಪುಟ ೧೧೨ರಲ್ಲಿ ಶಬ್ದದ ವೇಗ ಬಿಸಿ ಪದರದ್ದು ಆಗಬೇಕು ಅನ್ನಿಸುತ್ತದೆ, ದಯವಿಟ್ಟು ನೋಡಿ." ನಾನು ನೋಡಿದ್ದೇನೆ. ಅವನು ದಿನಾಂಕ ಹಾಕುವುದನ್ನು ಮರೆತಿದ್ದ. "ದಿನಾಂಕ?" ಎಂದು ಕೆಂಪಿನಲ್ಲಿ ಬರೆದು ವಾಪಸ್ಸು ಕೊಟ್ಟಿದ್ದೇನೆ.

ನನಗೆ ಮೂರರಲ್ಲಿ ಒಂದೂ ನೆನಪಿಲ್ಲ. ಎಷ್ಟು ಜ್ಞಾಪಿಸಿಕೊಂಡರೂ ಬರುವುದಿಲ್ಲ. ಅವನು ಸುಳ್ಳು ಹೇಳುವವನಲ್ಲ, ಚೀಟಿಯ ಮೇಲೆ ಇರುವುದು ನನ್ನದೇ ಅಕ್ಷರ. ಐದು ತಿಂಗಳು ನಿಮಗೆ ಕಿವಿ ಕೇಳಿಸುವುದಿಲ್ಲವೇ ಎಂದು ಕೂಗಿದವಳು ನಾನು. ನಿಂತಲ್ಲೇ ಕಣ್ಣಲ್ಲಿ ನೀರು ಬಂತು. ಅವನಿಗೆ ಏನು ಮಾಡಬೇಕೋ ತಿಳಿಯದೆ "ಬುಡಿ ಮೇಡಂ, ಆಯ್ತಲ್ಲ" ಅಂದ. ನಾನು ಕ್ಷಮಿಸು ಅಂದೆ. ಅವನು ಮೊಪೆಡ್ ಹತ್ತಿ ಹೊರಟುಹೋದ. ಹಾಗೆ ಹೋದದ್ದು ನ್ಯಾಯವೇ.

ಇವತ್ತು ಬೆಳಗ್ಗೆ ಒಂಬತ್ತಕ್ಕೆ ಎಂದಿನಂತೆ ಬಂದು ಬಾಗಿಲಲ್ಲಿ ನಿಂತ. ಒಳಗೆ ಬಾ, ಕೂತುಕೋ ಅಂದೆ. ೧೯೯೨ರ ಲೇಖನದ ಬದಲಿಗೆ ವಾರವಿಡೀ ಕೂತು ಬರೆದ ಹೊಸ ಲೆಕ್ಕವನ್ನು ಅವನ ಮುಂದಿಟ್ಟೆ. ಓದಿದ. ಎರಡನೆಯ ಪುಟಕ್ಕೇ ನಿಂತ. "ಮೇಡಂ, ಇಲ್ಲಿ ತಪ್ಪಿದೆ" ಅಂದ.

ನನಗೆ ಸಿಟ್ಟು ಬಂತು. ಬಾಯಿ ಮುಚ್ಚಿಕೊಂಡು ಕೂತು ಕೇಳಿದೆ.

ಮಂಜುಳಮ್ಮ